ಹುಳದ ಮನೆಯ ಕೆಂಡ, ಅಮ್ಮನ ಕೆಮ್ಮು: ಶಿಡ್ಲಘಟ್ಟ ಕಡೆಯ ಒಂದು ಚಳಿಗಾಲದ ಪ್ರಕರಣ

ಚಳಿಗಾಲದಲ್ಲಿ ಕೆಮ್ಮು ಬಂದರೆ ಚಳಿಯನ್ನೇ ಬೈಯುತ್ತೇವೆ. ಚಳಿಯ ಪಾಲು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಚಳಿ ತಪ್ಪಿಸಿಕೊಳ್ಳಲು ನಾವು ಮನೆಯೊಳಗೆ ಏನೇನು ಮಾಡಿಕೊಳ್ಳುತ್ತೇವೆ ಅನ್ನುವುದನ್ನು ಯಾರೂ ಕೇಳುವುದಿಲ್ಲ. ಕಾಯಿಲೆ ಎಷ್ಟೋ ಸಲ ಅಲ್ಲೇ ಇರುತ್ತದೆ. ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿಗಳಲ್ಲಿ ಆರೋಗ್ಯ ಕೇಂದ್ರದ ಕೆಲಸ ಮಾಡುವವಳು. ಈ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ.

ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರರ ಮನೆ. ಒಂದೂವರೆ ಎಕರೆ ಹಿಪ್ಪುನೇರಳೆ, ಎರಡು ಹಸು, ಮನೆಗೆ ಅಂಟಿಕೊಂಡೇ ಹುಳದ ಮನೆ. 57 ವರ್ಷದ ಅಮ್ಮ, ಅವರ ಯಜಮಾನರು, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಅಮ್ಮ ಬೀಡಿ, ಸಿಗರೇಟು ಮುಟ್ಟಿದವರಲ್ಲ. ಆದರೂ ಐದಾರು ವರ್ಷಗಳಿಂದ ಕಾರ್ತಿಕ ಮಾಸ ಮುಗಿಯುತ್ತಿದ್ದಂತೆ ಕೆಮ್ಮು ಹತ್ತಿಕೊಳ್ಳುತ್ತಿತ್ತು. ಬೆಳಗಿನ ಹೊತ್ತು ಕಫ ಜಾಸ್ತಿ. ಹೊಲದ ಬದು ಹತ್ತಿದರೆ ಉಬ್ಬಸ. ಪೇಟೆಯ ಒಂದು ಕ್ಲಿನಿಕ್‌ಗೆ ಹೋಗುತ್ತಿದ್ದರು. ಒಂದು ಇಂಜೆಕ್ಷನ್, ಮೂರು ದಿನದ ಆಂಟಿಬಯಾಟಿಕ್, ಒಂದು ಸಿರಪ್ ಸಿಗುತ್ತಿತ್ತು. ನಾಲ್ಕು ದಿನ ಹಗುರ, ಆಮೇಲೆ ಮತ್ತೆ ಅದೇ. "ನಂಗೆ ಚಳಿಗಾಲ ಬಂದ್ರೆ ಇದು ಇದ್ದಿದ್ದೇ ಕಣಮ್ಮ. ಶಿವರಾತ್ರಿ ಕಳೀಲಿ, ಚಳಿ ಜೊತೆಗೆ ಇದೂ ಹೋಗ್ತದೆ" ಅಂತ ಆಶಾ ಕಾರ್ಯಕರ್ತೆಗೆ ಹೇಳುತ್ತಿದ್ದರಂತೆ. ಶಿವರಾತ್ರಿ ಹೊತ್ತಿಗೆ ನಿಜಕ್ಕೂ ಕಮ್ಮಿಯಾಗುತ್ತಿತ್ತು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಆ ವರ್ಷ ಧನುರ್ಮಾಸದಲ್ಲಿ ಪರಿಸ್ಥಿತಿ ಬಿಗಡಾಯಿಸಿತು. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತಿದ್ದರು. ಬೆಳಗ್ಗೆ ಮಗ ಬೈಕಿನಲ್ಲಿ ಕೂರಿಸಿಕೊಂಡು ಕರೆತಂದ. ಮಂಜಿನಲ್ಲಿ, ಎದುರುಗಾಳಿಯಲ್ಲಿ ಬಂದದ್ದರಿಂದ ಇನ್ನಷ್ಟು ಕಷ್ಟವಾಗಿತ್ತು. ಒಂದು ವಾಕ್ಯ ಪೂರ್ತಿ ಹೇಳಲು ಆಗುತ್ತಿರಲಿಲ್ಲ, ಎರಡೆರಡು ಪದಕ್ಕೆ ನಿಲ್ಲುತ್ತಿದ್ದರು. ಉಸಿರಾಟ ನಿಮಿಷಕ್ಕೆ 30, ನಾಡಿ 112, ಬೆರಳಿಗೆ ಹಾಕಿದ ಆಕ್ಸಿಮೀಟರ್‌ನಲ್ಲಿ ಆಮ್ಲಜನಕ ಶೇಕಡಾ 88, ಬಿಪಿ 168/102. ಎದೆಯಲ್ಲಿ ಎರಡೂ ಕಡೆ ಸುಂಯ್‌ಗುಡುವ ಸದ್ದು. ಕಫ ಹಳದಿ ಹಸಿರಿಗೆ ತಿರುಗಿತ್ತು. ಔಷಧಿಯನ್ನು ಹಬೆಯಾಗಿ ಕೊಡುವ ನೆಬುಲೈಸರ್ ಹಾಕಿ, 108 ಕರೆಸಿ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆವು.

ಅಲ್ಲಿ ನೆಬುಲೈಸರ್ ಜೊತೆಗೆ ಐದು ದಿನದ ಸ್ಟೆರಾಯ್ಡ್ ಮಾತ್ರೆ ಕೊಟ್ಟರು. ಕಫದ ಬಣ್ಣ ಬದಲಾಗಿದ್ದರಿಂದ ಆಂಟಿಬಯಾಟಿಕ್ ಕೂಡ. ಆಮ್ಲಜನಕವನ್ನು ಅಳತೆ ಮಾಡಿ ಕೊಟ್ಟರು. ಇಂಥ ರೋಗಿಗಳಲ್ಲಿ ಅದನ್ನು 88ರಿಂದ 92ರ ನಡುವೆ ಇಟ್ಟರೆ ಸಾಕು. ಜಾಸ್ತಿ ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ತೊಂದರೆಯಾಗಬಹುದು. ಮೂರನೇ ದಿನಕ್ಕೆ ಅಮ್ಮ ಮಲಗಿ ನಿದ್ದೆ ಮಾಡಿದರು.

ಏನಿರಬಹುದು?

ಎರಡು ವಾರ ದಾಟಿದ ಕೆಮ್ಮು ಅಂದರೆ ಮೊದಲು ಕ್ಷಯ ನೋಡಲೇಬೇಕು. ಕಫ ಪರೀಕ್ಷೆ ಮಾಡಿಸಿದರು, ಕ್ಷಯ ಇರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ ಅಂದಾಗ ಹೃದಯದ ಮೇಲೂ ಅನುಮಾನ ಬರುತ್ತದೆ. ಕಾಲಲ್ಲಿ ಊತ ಇರಲಿಲ್ಲ, ಇಸಿಜಿಯಲ್ಲಿ ದೊಡ್ಡ ತೊಂದರೆ ಕಾಣಲಿಲ್ಲ. ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಇರಲಿಲ್ಲ, ಆದರೆ ಶ್ವಾಸಕೋಶ ಗಾಳಿ ತುಂಬಿ ಉಬ್ಬಿದ ಹಾಗೆ ಕಾಣುತ್ತಿತ್ತು. ಉಳಿದದ್ದು ಆಸ್ತಮಾ ಅಥವಾ ಸಿಒಪಿಡಿ, ಅಂದರೆ ಉಸಿರುನಾಳಗಳು ಕಿರಿದಾಗುವ ದೀರ್ಘಕಾಲದ ಕಾಯಿಲೆ. ರೇಷ್ಮೆ ಸೀಮೆಯಲ್ಲಿ ಆಸ್ತಮಾ ಪ್ರಶ್ನೆಯನ್ನು ಸುಮ್ನೆ ಬಿಡುವ ಹಾಗಿಲ್ಲ. ನೂಲು ಬಿಚ್ಚುವ ಫಿಲೇಚರ್‌ಗಳಲ್ಲಿ ಕೆಲಸ ಮಾಡುವವರಿಗೆ ರೇಷ್ಮೆಯ ಪ್ರೋಟೀನಿನಿಂದಲೇ ಅಲರ್ಜಿ, ಆಸ್ತಮಾ ಬರುವುದುಂಟು.

ತೀರ್ಮಾನ ಆಗಿದ್ದು ಫೆಬ್ರವರಿಯಲ್ಲಿ. ಊದುವ ಪರೀಕ್ಷೆ, ಅಂದರೆ ಸ್ಪೈರೋಮೆಟ್ರಿಯನ್ನು ದಮ್ಮು ಜೋರಾಗಿದ್ದಾಗ ಮಾಡಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಕಾಯಿಲೆ ತಣ್ಣಗಾಗುವವರೆಗೆ ಕಾಯಬೇಕು. ಉಸಿರುನಾಳ ಹಿಗ್ಗಿಸುವ ಔಷಧಿ ಕೊಟ್ಟ ಮೇಲೆ ಜೋರಾಗಿ ಊದಿಸುತ್ತಾರೆ. ಒಟ್ಟು ಊದಿದ ಗಾಳಿಯಲ್ಲಿ ಶೇಕಡಾ 70ರಷ್ಟಾದರೂ ಮೊದಲ ಸೆಕೆಂಡಿನಲ್ಲೇ ಹೊರಬರಬೇಕು. ಅಮ್ಮನದು 58. ಔಷಧಿಯಿಂದ ಅಂಥ ಬದಲಾವಣೆ ಆಗಲಿಲ್ಲ. ಸಿಒಪಿಡಿ ಅಂತ ಖಚಿತವಾಯಿತು. ಉಸಿರುನಾಳಗಳು ವರ್ಷಗಟ್ಟಲೆ ಕೆರಳಿ, ಕಿರಿದಾಗಿ, ಮತ್ತೆ ಪೂರ್ತಿ ತೆರೆದುಕೊಳ್ಳದ ಕಾಯಿಲೆ ಇದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಪ್ರಪಂಚದಲ್ಲಿ ಸುಮಾರು 35 ಲಕ್ಷ ಜನ ಇದರಿಂದ ಸತ್ತಿದ್ದಾರೆ.

"ನಮ್ಮಮ್ಮ ಒಂದು ಬೀಡಿ ಸೇದಿದವಳಲ್ಲ, ಅವಳಿಗೆ ಹೆಂಗೆ ಬಂತು ಮೇಡಮ್?" ಅಂತ ಮಗ ಕೇಳಿದ. ಸರಿಯಾದ ಪ್ರಶ್ನೆ. ಬೀಡಿ ಸೇದಿದವರಿಗೆ ಮಾತ್ರ ಇದು ಬರುತ್ತದೆ ಅನ್ನುವ ನಂಬಿಕೆಯಿಂದಲೇ ನಮ್ಮ ಹಳ್ಳಿಯ ಹೆಂಗಸರ ಸಿಒಪಿಡಿ ವರ್ಷಗಟ್ಟಲೆ ಮುಚ್ಚಿಹೋಗುತ್ತದೆ. ಸೌದೆ ಹೊಗೆಯೂ ಹೊಗೆಯೇ.

ಚಳಿ ಬಂದಾಗ ಆ ಮನೆಯಲ್ಲಿ ಆಗುತ್ತಿದ್ದದ್ದು

ಈ ಮನೆಯಲ್ಲಿ ಅಡುಗೆ ಗ್ಯಾಸಿನಲ್ಲಿ ಆಗುತ್ತದೆ. "ಸೌದೆ ಒಲೆ ಇದೆಯಾ?" ಅಂತ ಆಸ್ಪತ್ರೆಯಲ್ಲಿ ಕೇಳಿದಾಗ ಸೊಸೆ ಇಲ್ಲ ಅಂದಿದ್ದಳು. ಸುಳ್ಳಲ್ಲ, ಅವಳು ಅಡುಗೆ ಒಲೆ ಅಂದುಕೊಂಡಿದ್ದಳು. ಮನೆಗೆ ಹೋಗಿ ನೋಡಿದರೆ ಬಚ್ಚಲಲ್ಲಿ ಹಂಡೆ ಒಲೆ ಇತ್ತು.

ಹಂಡೆ ಒಲೆಗೆ ಇವರು ಹಾಕುವುದು ಹಿಪ್ಪುನೇರಳೆ ಕಡ್ಡಿ. ಹುಳ ಎಲೆ ತಿಂದ ಮೇಲೆ ಉಳಿಯುವ ಕಡ್ಡಿಯನ್ನು ಹೊರಗೆ ರಾಶಿ ಹಾಕುತ್ತಾರೆ, ಪುಕ್ಕಟೆ ಸೌದೆ. ಬೇಸಿಗೆಯಲ್ಲಿ ಅದು ಗರಿಗರಿ ಒಣಗಿ ಚಟಚಟ ಉರಿಯುತ್ತದೆ. ಚಳಿಗಾಲದಲ್ಲಿ ರಾತ್ರಿಯೆಲ್ಲ ಇಬ್ಬನಿ ಕುಡಿದು ಒದ್ದೆಯಾಗಿರುತ್ತದೆ. ಒದ್ದೆ ಕಡ್ಡಿ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಅದನ್ನು ಹತ್ತಿಸಲು ಅಮ್ಮ ಮೊಣಕಾಲೂರಿ, ಮುಖವನ್ನು ಒಲೆಯ ಬಾಯಿಗೆ ಕೊಟ್ಟು ಊದುಗೊಳವೆಯಲ್ಲಿ ಊದುತ್ತಾರೆ. ಪ್ರತಿ ಊದಿಗೂ ಮುಂಚೆ ಉಸಿರು ಎಳೆದುಕೊಳ್ಳಬೇಕಲ್ವಾ? ಎಳೆದುಕೊಳ್ಳುವುದು ಆ ಹೊಗೆಯನ್ನೇ. ಬಚ್ಚಲಿನ ಗೋಡೆಯಲ್ಲಿ ಒಂದು ಗೂಡಿನಷ್ಟು ಕಿಂಡಿ ಇದೆ. ತಣ್ಣನೆ ಗಾಳಿ ಬರುತ್ತದೆ ಅಂತ ಅದಕ್ಕೆ ಸಿಮೆಂಟ್ ಚೀಲ ತುರುಕಿದ್ದರು. ಮೇಲಿನ ತೊಲೆ ಕೈ ಇಟ್ಟರೆ ಅಂಟುವಷ್ಟು ಕರಿ ಹಿಡಿದಿತ್ತು.

ಬೇಸಿಗೆಯಲ್ಲಿ ಅರ್ಧ ಮನೆ ತಣ್ಣೀರು ಸ್ನಾನ ಮಾಡುತ್ತದೆ, ಒಲೆ ದಿನಕ್ಕೊಮ್ಮೆ ಹತ್ತಿದರೆ ಹೆಚ್ಚು. ಚಳಿಗಾಲದಲ್ಲಿ ಆರೂ ಜನಕ್ಕೆ ಬಿಸಿನೀರು ಬೇಕು. ಧನುರ್ಮಾಸದಲ್ಲಂತೂ ನಾಲ್ಕು ಗಂಟೆಗೇ ಒಲೆ ಹತ್ತಬೇಕು, ಸ್ನಾನ ಮುಗಿಸಿ ಬೆಳಕು ಹರಿಯುವ ಮುಂಚೆ ದೇವಸ್ಥಾನಕ್ಕೆ ಹೋಗಬೇಕು. ಅದೇ ಹೊತ್ತಿನಲ್ಲಿ ಊರಿನ ಎಲ್ಲ ಮನೆಯ ಹಂಡೆ ಒಲೆಗಳೂ ಹತ್ತುತ್ತವೆ. ನಂದಿ ಬೆಟ್ಟದ ಸುತ್ತಲಿನ ಈ ಬಯಲು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಚಳಿಗಾಲದಲ್ಲಿ ಆಕಾಶ ತಿಳಿಯಾಗಿದ್ದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲದ ಹತ್ತಿರದ ಗಾಳಿ ತಂಪು, ಅದರ ಮೇಲಿನ ಪದರ ಕೊಂಚ ಬೆಚ್ಚಗೆ. ಆಗ ಹೊಗೆ ಮೇಲೇರುವುದಿಲ್ಲ. ಸೂರಿನ ಮಟ್ಟದಲ್ಲೇ ಹಾಸಿಕೊಂಡು ನಿಲ್ಲುತ್ತದೆ. ಬೆಳಗ್ಗೆ ಊರ ಹೊರಗಿನಿಂದ ನೋಡಿ ನಾವು ಮಂಜು ಅನ್ನುವುದರಲ್ಲಿ ಒಂದು ಪಾಲು ಇದೇ ಹೊಗೆ.

ಹಂಡೆ ಒಲೆಗಿಂತ ನನ್ನನ್ನು ಗಾಬರಿಪಡಿಸಿದ್ದು ಹುಳದ ಮನೆ.

ರೇಷ್ಮೆ ಹುಳಕ್ಕೆ ಚಳಿ ಆಗಿಬರುವುದಿಲ್ಲ. ಚಾಕಿ ಹುಳಕ್ಕೆ, ಅಂದರೆ ಮರಿ ಹುಳಕ್ಕೆ, 26ರಿಂದ 28 ಡಿಗ್ರಿ ಬೇಕು, ದೊಡ್ಡ ಹುಳಕ್ಕೆ 24ರ ಸುಮಾರು. ಹೊರಗೆ 13 ಡಿಗ್ರಿ ಇರುವಾಗ ಒಳಗೆ ಅಷ್ಟು ಕಾವು ಬರಬೇಕಾದರೆ ಬೆಂಕಿ ಬೇಕು. ಇವರು ಬಾಂಡ್ಲಿಯಲ್ಲಿ ಇದ್ದಿಲು ಕೆಂಡ ಮಾಡಿ ನಾಲ್ಕು ಮೂಲೆಗೆ ಇಡುತ್ತಿದ್ದರು. ಕಿಟಕಿಗೆ ಪ್ಲಾಸ್ಟಿಕ್, ವೆಂಟಿಲೇಟರ್‌ಗೆ ಗೋಣಿಚೀಲ, ಬಾಗಿಲಿಗೆ ಹಳೇ ಕಂಬಳಿ. ರಾತ್ರಿ ಸೊಪ್ಪು ಹಾಕುವ ಕೆಲಸ ಅಮ್ಮನದು. ಒಳಗೇ ಚಾಪೆ ಹಾಸಿ ಮಲಗುತ್ತಿದ್ದರು. ಅದು ಮನೆಯಲ್ಲೇ ಬೆಚ್ಚಗಿನ ಜಾಗವೂ ಹೌದು. ಹುಳದ ಹಾಸಿಗೆ ಮೇಲೆ ಎರಚುವ ಸುಣ್ಣದ ಪುಡಿ, ಒಣಗಿದ ಹಿಕ್ಕೆಯ ಧೂಳು ಅಲ್ಲೇ ಸುತ್ತುತ್ತಿರುತ್ತದೆ.

ಮಾತಿನ ನಡುವೆ ಅಮ್ಮ ಇನ್ನೊಂದು ವಿಷಯ ಹೇಳಿದರು. ಬೆಳಗ್ಗೆ ಎದ್ದಾಗ ತಲೆ ಸಿಡಿಯುತ್ತದೆ, ವಾಕರಿಕೆ ಬರುತ್ತದೆ, ಹೊರಗೆ ಬಂದು ಹಾಲು ಕರೆಯುವಷ್ಟರಲ್ಲಿ ಸರಿಹೋಗುತ್ತದೆ. ತಲೆಗೆ ಇಬ್ಬನಿ ಹಿಡಿದಿದೆ ಅಂತ ಮಫ್ಲರ್ ಸುತ್ತಿಕೊಳ್ಳುತ್ತಿದ್ದರು. ಇಬ್ಬನಿಯಿಂದ ಬಂದ ತಲೆನೋವಾಗಿದ್ದರೆ ಹೊರಗೆ ಹೋದಾಗ ಹೆಚ್ಚಾಗಬೇಕಿತ್ತು. ಒಳಗಿದ್ದಾಗ ಬಂದು, ಹೊರಗೆ ಬಂದರೆ ಹೋಗುವ ತಲೆನೋವು ಅಂದರೆ ಕೆಂಡದ ಕಾರ್ಬನ್ ಮೊನಾಕ್ಸೈಡ್ ಬಗ್ಗೆ ಯೋಚಿಸಲೇಬೇಕು. ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಕೆಂಡ ಕೆಂಪಗಿದೆ, ಹೊಗೆ ನಿಂತಿದೆ, ಇನ್ನು ಪರವಾಗಿಲ್ಲ ಅಂತ ಒಳಗೆ ತರುತ್ತೇವೆ. ಹೊಗೆ ನಿಂತರೂ ಇದು ನಿಲ್ಲುವುದಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂರುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಅದು ಎಲ್ಲ ಸರಿ ಇದೆ ಅಂತ ತೋರಿಸಿಬಿಡಬಹುದು. ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳದೇ ಹೋಗಬಹುದು. ಈ ಅಮ್ಮ ಉಳಿದದ್ದು ರಾತ್ರಿ ನಡುವೆ ಸೊಪ್ಪು ತರಲು ಬಾಗಿಲು ತೆಗೆಯುತ್ತಿದ್ದರಿಂದ ಅಂತ ನನಗೆ ಅನ್ನಿಸುತ್ತದೆ.

ಇಷ್ಟರ ಮೇಲೆ ಚಳಿಯ ಪಾಲು. ತಣ್ಣನೆಯ ಒಣ ಗಾಳಿ ಮೊದಲೇ ಕೆರಳಿದ ಉಸಿರುನಾಳಗಳನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಶೀತದ ವೈರಸ್‌ಗಳಿಗೆ ಈ ಹವೆ ಅನುಕೂಲ. ಎಲ್ಲರೂ ಬಾಗಿಲು ಹಾಕಿ ಒಂದೇ ಕೋಣೆಯಲ್ಲಿ ಮಲಗುವುದರಿಂದ ಒಬ್ಬರಿಂದ ಒಬ್ಬರಿಗೆ ಹರಡುವುದು ಸುಲಭ. ಆ ಸಲ ಮೊದಲು ನೆಗಡಿ ಬಂದದ್ದು ಅಂಗನವಾಡಿಗೆ ಹೋಗುವ ಮೊಮ್ಮಗುವಿಗೆ. ಆರೋಗ್ಯವಂತರಿಗೆ ಒಂದು ವಾರದಲ್ಲಿ ಹೋಗುವ ನೆಗಡಿ ಸಿಒಪಿಡಿ ಇದ್ದವರನ್ನು ಆಸ್ಪತ್ರೆಗೆ ತಲುಪಿಸುತ್ತದೆ.

ಬಿಪಿ ಯಾಕೆ ಏರಿತು

ಅಮ್ಮ ಬಿಪಿ ಮಾತ್ರೆ ತಪ್ಪಿಸುವವರಲ್ಲ. ಬೇಸಿಗೆಯಲ್ಲಿ 134, 136 ಇರುತ್ತಿತ್ತು. ಚಳಿಯಲ್ಲಿ ಚರ್ಮದ ಕೆಳಗಿನ ರಕ್ತನಾಳಗಳು ಕುಗ್ಗುತ್ತವೆ, ಹಾಗಾಗಿ ಬಿಪಿ ಒಂದಿಷ್ಟು ಏರುವುದು ಸಹಜ. ಹೃದಯಾಘಾತ, ಪಾರ್ಶ್ವವಾಯು ಚಳಿಗಾಲದಲ್ಲಿ ಹೆಚ್ಚಾಗಲು ಇದೂ ಒಂದು ಕಾರಣ. ಆದರೆ 168 ಬರೀ ಚಳಿಯಿಂದ ಅನ್ನಿಸಲಿಲ್ಲ. ದಮ್ಮಿನ ಒತ್ತಡವೂ ಸೇರಿತ್ತು, ನಿಜ. ಅಷ್ಟೇನಾ ಅಂತ ಮನೆಯಲ್ಲಿರುವ ಮಾತ್ರೆಯನ್ನೆಲ್ಲ ತರಲು ಹೇಳಿದೆ. ಸೊಸೆ ಒಂದು ಬಿಸ್ಕೆಟ್ ಡಬ್ಬಿ ತಂದಳು. ಅದರಲ್ಲಿ ಮೆಡಿಕಲ್ ಶಾಪಿನಿಂದ ಬಿಡಿಯಾಗಿ ತಂದ ಶೀತದ ಮಾತ್ರೆ, ಮಂಡಿ ನೋವಿನ ಮಾತ್ರೆ ಇದ್ದವು. ಕಟ್ಟಿದ ಮೂಗು ಬಿಡಿಸುವ ಶೀತದ ಮಾತ್ರೆಗಳಲ್ಲಿ ರಕ್ತನಾಳ ಬಿಗಿ ಮಾಡುವ ಔಷಧಿ ಇರುತ್ತದೆ, ಅದು ಬಿಪಿ ಏರಿಸುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆಗಳೂ ಬಿಪಿ ಏರಿಸುತ್ತವೆ, ಬಿಪಿ ಮಾತ್ರೆಯ ಕೆಲಸವನ್ನೂ ಕೆಡಿಸುತ್ತವೆ. ಚಳಿಗೆ ಮಂಡಿ ಹಿಡಿದುಕೊಂಡಷ್ಟೂ ಅಮ್ಮ ಈ ಮಾತ್ರೆ ನುಂಗಿದ್ದರು. ಎರಡನ್ನೂ ನಿಲ್ಲಿಸಿ, ನೋವು ತಡೆಯದಿದ್ದರೆ ಮಾತ್ರ ಪ್ಯಾರಸಿಟಮಾಲ್, ಮಂಡಿಗೆ ಬಿಸಿನೀರಿನ ಬಟ್ಟೆ ಶಾಖ ಅಂತ ವೈದ್ಯರು ಬದಲಿಸಿದರು. ಬಿಪಿ ಮಾತ್ರೆಯ ಪ್ರಮಾಣ ಮುಟ್ಟಲಿಲ್ಲ. ಮೂರು ವಾರದ ಮೇಲೆ 142/88.

ಯಜಮಾನರ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಅದೂ ಅದೇ ಕೆಂಡದ ಕಥೆ. ಅವರಿಗೆ ಸಕ್ಕರೆ ಕಾಯಿಲೆ, ಪಾದದಲ್ಲಿ ಸ್ಪರ್ಶ ಅಷ್ಟಾಗಿ ಗೊತ್ತಾಗುವುದಿಲ್ಲ. ಒಡೆದ ಹಿಮ್ಮಡಿಯನ್ನು ಬಾಂಡ್ಲಿಗೆ ಹಿಡಿದು ಕಾಯಿಸಿಕೊಳ್ಳುತ್ತಿದ್ದರು. ಬೊಬ್ಬೆ ಎದ್ದದ್ದು ತಿಳಿದದ್ದು ಚಪ್ಪಲಿ ಒದ್ದೆಯಾದಾಗ. ಗಾಯ ಮಾಯಲು ಯುಗಾದಿ ಬಂತು. ಸಕ್ಕರೆ ಇದ್ದವರು ಕಾಲನ್ನು ಬೆಂಕಿಗಾಗಲಿ, ಬಿಸಿನೀರಿನ ಬಾಟಲಿಗಾಗಲಿ ಒಡ್ಡಬಾರದು. ಸಾಕ್ಸ್ ಹಾಕಿಕೊಳ್ಳಿ, ಹಿಮ್ಮಡಿಗೆ ರಾತ್ರಿ ವ್ಯಾಸಲೀನ್ ಹಚ್ಚಿ, ದಿನಾ ಒಮ್ಮೆ ಪಾದದ ಅಡಿಯನ್ನು ಯಾರಿಂದಾದರೂ ನೋಡಿಸಿ.

ಇನ್ಹೇಲರ್ ಅಂದರೆ ಭಯ

ದಿನಾ ಹಾಕುವ ಇನ್ಹೇಲರ್ ಬರೆದುಕೊಟ್ಟರೆ ಅಮ್ಮ ಅದನ್ನು ಬೀರುವಿನಲ್ಲಿ ಇಟ್ಟಿದ್ದರು. "ಇದನ್ನ ಶುರು ಮಾಡಿದ್ರೆ ಬಿಡೋಕಾಗಲ್ವಂತೆ, ಹೌದಾ? ಕೊನೇಲಿ ಕೊಡೋದಂತೆ." ಈ ಮಾತು ನಮ್ಮ ಕಡೆ ಎಲ್ಲ ಮನೆಯಲ್ಲೂ ಕೇಳುತ್ತದೆ. ನಾನು ಲೆಕ್ಕ ಹೇಳಿದೆ. ಸಾಲ್ಬುಟಮಾಲ್ ಮಾತ್ರೆ ಒಂದರಲ್ಲಿ 4 ಮಿಲಿಗ್ರಾಂ ಇರುತ್ತದೆ. ಅದೇ ಔಷಧಿ ಇನ್ಹೇಲರ್‌ನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ. ಒಂದು ಮಾತ್ರೆ ಅಂದರೆ 40 ಪಫ್. ಮಾತ್ರೆ ಹೊಟ್ಟೆಗೆ ಹೋಗಿ, ರಕ್ತ ಸೇರಿ, ಕೈ ನಡುಗಿಸಿ, ಎದೆ ಬಡಿತ ಏರಿಸಿ ಕೊನೆಗೆ ಶ್ವಾಸಕೋಶಕ್ಕೆ ಬರುತ್ತದೆ. ಇನ್ಹೇಲರ್ ನೇರವಾಗಿ ಬೇಕಾದ ಜಾಗಕ್ಕೆ ಹೋಗುತ್ತದೆ. ಅಮ್ಮ ಸೊಸೆಯ ಮುಖ ನೋಡಿದರು. "ಹಂಗಾದ್ರೆ ಇದೇ ವಾಸಿ ಬಿಡಿ ಅತ್ತೆ" ಅಂದಳು ಅವಳು.

ಹಾಕಿಕೊಳ್ಳುವ ರೀತಿ ಕಲಿಸುವುದಕ್ಕೆ ಇನ್ನೂ ಹೊತ್ತು ಹಿಡಿಯಿತು. ಅಮ್ಮ ಬಾಯಿ ತೆರೆದು, ಒತ್ತಿ, ಆಮೇಲೆ ಉಸಿರು ಎಳೆಯುತ್ತಿದ್ದರು. ಔಷಧಿ ಬಿಳಿ ಹಬೆಯಾಗಿ ತುಟಿಯಿಂದ ಹೊರಗೇ ಹೋಗುತ್ತಿತ್ತು. ಇನ್ಹೇಲರ್‌ಗೆ ಸಿಕ್ಕಿಸುವ ಕೊಳವೆ, ಅಂದರೆ ಸ್ಪೇಸರ್ ಕೊಡಿಸಿದ ಮೇಲೆ ಸುಲಭವಾಯಿತು. ಅಲ್ಲಾಡಿಸಿ, ಮೊದಲು ಉಸಿರು ಪೂರ್ತಿ ಬಿಟ್ಟು, ಸ್ಪೇಸರ್ ಬಾಯನ್ನು ತುಟಿಯಿಂದ ಬಿಗಿಯಾಗಿ ಹಿಡಿದು, ಒತ್ತಿ, ನಿಧಾನವಾಗಿ ಎಳೆದು, ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ತಡೆಯಬೇಕು. ಅಮ್ಮ ಹತ್ತು ಎಣಿಸುವ ಬದಲು ದೇವರ ಹೆಸರು ಹೇಳಿಕೊಳ್ಳುತ್ತಾರೆ. ಹೊತ್ತು ಅಷ್ಟೇ ಆಗುತ್ತದೆ, ಇನ್ನೂ ಚೆನ್ನಾಗಿ ಹಿಡಿಯುತ್ತಾರೆ. ಸ್ಟೆರಾಯ್ಡ್ ಇರುವ ಇನ್ಹೇಲರ್ ಆದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಹುಣ್ಣಾಗಬಹುದು.

ಮಗನ ಜೊತೆ ಮಾತು

ಅಮ್ಮನನ್ನು ಹುಳದ ಮನೆಯಲ್ಲಿ ಮಲಗಿಸಬೇಡಿ ಅಂದಾಗ ಮಗ ಒಪ್ಪಿದ. ವೆಂಟಿಲೇಟರ್ ತೆಗೆಯಿರಿ ಅಂದಾಗ ಒಪ್ಪಲಿಲ್ಲ. "ಬೆಳೆ ಹೋದ್ರೆ ಸಾಲ ಯಾರು ಕಟ್ತಾರೆ ಮೇಡಮ್?" ಅವನದು ನ್ಯಾಯವಾದ ಕಷ್ಟ. ಅವನನ್ನು ಕೆಟ್ಟ ಮಗ ಅಂದುಕೊಂಡರೆ ಕೆಲಸ ಆಗುವುದಿಲ್ಲ. ರೇಷ್ಮೆ ಇಲಾಖೆಯ ವಿಸ್ತರಣಾಧಿಕಾರಿಯನ್ನು ಜೊತೆಗೆ ಕರೆದುಕೊಂಡು ಹೋದೆ. ಅವರು ಹೇಳಿದ್ದು ಇಷ್ಟು: ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹಂತ ದಾಟಿ ಎದ್ದ ಹುಳಕ್ಕೆ ಕಾವಿಗಿಂತ ಗಾಳಿ ಮುಖ್ಯ. ಗೂಡು ಕಟ್ಟುವ ತಟ್ಟೆಗೆ, ಅಂದರೆ ಚಂದ್ರಿಕೆಗೆ ಬಿಟ್ಟ ಮೇಲೆ ತೇವ ಹೊರಗೆ ಹೋಗದಿದ್ದರೆ ಗೂಡಿನ ಗುಣಮಟ್ಟ ಕೆಡುತ್ತದೆ, ನೂಲು ಸರಿಯಾಗಿ ಬಿಚ್ಚುವುದಿಲ್ಲ. ಗೋಡೆಗೆ ಥರ್ಮಾಮೀಟರ್ ನೇತುಹಾಕಿ ನೋಡಿದರೆ ಬಾಂಡ್ಲಿ ಇಟ್ಟಾಗ ಒಳಗೆ 29 ಡಿಗ್ರಿ. ದೊಡ್ಡ ಹುಳಕ್ಕೆ ಬೇಕಾದ್ದಕ್ಕಿಂತ ಜಾಸ್ತಿ. ಇದ್ದಿಲಿಗೂ ದುಡ್ಡು ದಂಡ.

ಮಗ ಆವತ್ತೇ ಎರಡು ಕಡೆಯ ಗೋಣಿಚೀಲ ಕಿತ್ತ. ಈಗ ಕೆಂಡ ಇಡುವುದು ಹುಳ ಚಿಕ್ಕದಿರುವಾಗ ಮಾತ್ರ, ಅದೂ ಒಳಗೆ ಯಾರೂ ಮಲಗದೆ, ಮೇಲಿನ ಕಿಂಡಿ ತೆಗೆದಿಟ್ಟು. ರಾತ್ರಿಯ ಸೊಪ್ಪು ಅವನೇ ಹಾಕುತ್ತಾನೆ. ಹಾಕುವ ಮುಂಚೆ ಬಾಗಿಲು ಸ್ವಲ್ಪ ಹೊತ್ತು ತೆರೆದಿಡುತ್ತಾನೆ. ಹಂಡೆ ಒಲೆಯನ್ನು ಬಚ್ಚಲಿಂದ ಹಿತ್ತಲಿನ ಮಾಡಿನ ಕೆಳಗೆ ಸರಿಸಿದರು. ಕಡ್ಡಿಯ ರಾಶಿಗೆ ಟಾರ್ಪಾಲು ಬಂತು. ಒಣ ಕಡ್ಡಿ ಬೇಗ ಹತ್ತುವುದರಿಂದ ಊದುಗೊಳವೆಯ ಕೆಲಸವೇ ಕಡಿಮೆಯಾಗಿದೆ. ಅಮ್ಮ ಧನುರ್ಮಾಸದ ಪೂಜೆ ಬಿಡಲಿಲ್ಲ, ಬಿಡಿ ಅಂತ ನಾನೂ ಹೇಳಲಿಲ್ಲ. ಬಿಸಿಲು ಬಂದ ಮೇಲೆ ಹೋಗುತ್ತಾರೆ, ಮೂಗು ಬಾಯಿಗೆ ಸೆರಗು ಸುತ್ತಿಕೊಂಡು. ಬಟ್ಟೆಯೊಳಗೆ ಗಾಳಿ ಕೊಂಚ ಬೆಚ್ಚಗಾಗಿ ಒಳಗೆ ಹೋಗುತ್ತದೆ.

ಮುಂದಿನ ಚಳಿಗಾಲ

ಸಿಒಪಿಡಿ ವಾಸಿಯಾಗುವ ಕಾಯಿಲೆ ಅಲ್ಲ. ಮರುವರ್ಷ ಡಿಸೆಂಬರಿನಲ್ಲಿ ಕೆಮ್ಮು ಬಂತು. ಆದರೆ ಈ ಸಲ ಕಫದ ಬಣ್ಣ ಬದಲಾದ ದಿನವೇ ಸೊಸೆ ಫೋನ್ ಮಾಡಿದಳು. ತುರ್ತಿನ ಇನ್ಹೇಲರ್ ಮತ್ತು ವೈದ್ಯರು ಕೊಟ್ಟ ಮಾತ್ರೆಯಲ್ಲೇ ನಿಂತಿತು, ಆಸ್ಪತ್ರೆಯಲ್ಲಿ ಮಲಗಬೇಕಾಗಲಿಲ್ಲ. ಬೆಳಗಿನ ತಲೆನೋವು ಒಂದು ದಿನವೂ ಬಂದಿಲ್ಲ. ಸಂಕ್ರಾಂತಿಗೆ ಎಳ್ಳು ಬೀರಲು ನಾಲ್ಕು ಮನೆ ಹತ್ತಿ ಇಳಿದೆ ಅಂತ ಹೇಳಿಕೊಂಡರು. ಹಿಂದಿನ ವರ್ಷ ಜಗುಲಿ ದಾಟಿರಲಿಲ್ಲ.

ಸೊಸೆಗೆ ಕೆಲವು ಗುರುತು ಬರೆದುಕೊಟ್ಟಿದ್ದೇನೆ. ಅತ್ತೆ ಒಂದು ವಾಕ್ಯ ಒಂದೇ ಉಸಿರಿಗೆ ಹೇಳಲಾರದೆ ಹೋದರೆ, ತುಟಿ ಉಗುರು ನೀಲಿಯಾದರೆ, ಮಂಕು ಕವಿದಂತೆ ತೂಕಡಿಸಿದರೆ, ಇನ್ಹೇಲರ್ ಹಾಕಿದರೂ ಇಳಿಯದಿದ್ದರೆ ಬೈಕ್ ಬೇಡ, 108ಕ್ಕೆ ಕರೆ ಮಾಡಿ. ಚಿಕ್ಕ ಮಗುವಿನ ಕೆಮ್ಮಿಗೆ ಬೇರೆ ಲೆಕ್ಕ. ಮಗು ಸುಮ್ಮನಿದ್ದಾಗ ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗೆ 50 ಅಥವಾ ಹೆಚ್ಚು ಬಂದರೆ, ಇಲ್ಲವೇ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ನ್ಯುಮೋನಿಯಾ ಇರಬಹುದು. ಆವತ್ತೇ ತೋರಿಸಬೇಕು.

ಬಾಕಿ ಇರುವುದೂ ಇದೆ. ವರ್ಷಕ್ಕೊಮ್ಮೆ ಹಾಕಿಸಬೇಕಾದ ಫ್ಲೂ ಲಸಿಕೆ ಇನ್ನೂ ಆಗಿಲ್ಲ. ದುಡ್ಡು ಕೊಟ್ಟು ಹಾಕಿಸಬೇಕು, ಮುಂದಿನ ಗೂಡು ಮಾರಿದ ಮೇಲೆ ಅಂದಿದ್ದಾರೆ. ಹುಳದ ಮನೆಗೆ ಕರೆಂಟ್ ಹೀಟರ್ ಹಾಕಿಸುವ ಲೆಕ್ಕವನ್ನು ಮಗ ಮಾಡುತ್ತಿದ್ದಾನೆ. ರಾತ್ರಿ ಕರೆಂಟ್ ಹೋದರೆ ಏನು ಮಾಡುವುದು ಅನ್ನುವುದಕ್ಕೆ ಅವನಿಗೂ ನನಗೂ ಉತ್ತರ ಸಿಕ್ಕಿಲ್ಲ. ಊದುವ ಪರೀಕ್ಷೆಯನ್ನು ಫೆಬ್ರವರಿಯಲ್ಲಿ ಮತ್ತೆ ಮಾಡಿಸಬೇಕು.